ಒಂಟಿ ಗಿಡದ ಸಿಹಿಜೋಳ

ಮಹಾನಗರದ ಬಾಲ್ಕನಿಯಲ್ಲಿ ತುಳಸಿ, ಕರಿಬೇವು, ದೊಡ್ಡಪತ್ರೆಗಳ ಪಕ್ಕದಲ್ಲಿ ಒಂದೆರಡು ಸಿಹಿಜೋಳದ ಗಿಡಗಳನ್ನೂ ಬೆಳೆಸಿ ನೋಡುವ ಉತ್ಸಾಹ ಹಲವರಲ್ಲಿದೆ. ಹಳೆಯ ಮೈಸೂರಿನವರು ಮುಸುಕಿನ ಜೋಳವೆಂದೂ ಉತ್ತರ ಕರ್ನಾಟಕದವರು ಗೋವಿನಜೋಳವೆಂದೂ ಕರೆಯುವ ಬೆಳೆಯ ಸಿಹಿಯಾದ ಬಗೆಯೇ ಪೇಟೆಯ ಸ್ವೀಟ್ ಕಾರ್ನ್. ಗಿಡವೇನೋ ಆಳೆತ್ತರಕ್ಕೆ ಬೆಳೆದು ಕಣ್ಣಿಗೆ ತಂಪೆರೆಯುತ್ತದೆ. ಆದರೆ ಮುಸುಕು ಬಿಚ್ಚಿದ ದಿನ ಕಾಣುವುದು ಅಲ್ಲೊಂದು ಇಲ್ಲೊಂದು ಕಾಳು. ಉಳಿದುದೆಲ್ಲ ಬೋಳು ದಿಂಡು. ಆಗ ಬೀಜ ಮಾರಿದವನಿಗೂ ನಲ್ಲಿಯ ನೀರಿಗೂ ಬೈಗುಳ ತಪ್ಪಿದ್ದಲ್ಲ.

ಇಬ್ಬರೂ ನಿರಪರಾಧಿಗಳು. ದೋಷವಿರುವುದು ಗಿಡದ ಒಂಟಿತನದಲ್ಲಿ. ಗಿಡದ ನೆತ್ತಿಯ ಸೂಲಂಗಿ ಗಂಡು ಹೂ. ಎಲೆಯ ಕಂಕುಳಲ್ಲಿ ಮೂಡುವ ತೆನೆ ಹೆಣ್ಣು. ತೆನೆಯ ತುದಿಯಲ್ಲಿ ಇಳಿಬಿದ್ದ ರೇಷ್ಮೆಯಂಥ ಕೂದಲಿನ ಒಂದೊಂದು ಎಳೆಯೂ ಒಳಗಿನ ಒಂದೊಂದು ಕಾಳಿಗೆ ಸೇರಿದ್ದು. ಯಾವ ಎಳೆಗೆ ಪರಾಗ ತಗುಲಲಿಲ್ಲವೋ ಆ ಕಾಳು ಕಟ್ಟುವುದಿಲ್ಲ. ಪರಾಗವನ್ನು ಒಯ್ಯುವುದು ಗಾಳಿ. ಒಂಟಿ ಗಿಡದ ಪರಾಗ ಬಹುಪಾಲು ಬೀದಿಯ ಪಾಲಾಗುತ್ತದೆ. ಮೇಲಾಗಿ ಒಂದೇ ಗಿಡದಲ್ಲಿ ಸೂಲಂಗಿ ಮೊದಲು ಅರಳಿ, ಕೂದಲು ಹೊರಬರುವ ವೇಳೆಗೆ ಪರಾಗ ಮುಗಿಯುತ್ತ ಬಂದಿರುವುದೂ ಉಂಟು.

ಆದುದರಿಂದ ಸಿಹಿಜೋಳವನ್ನು ಕಟಕಟೆಯ ಉದ್ದಕ್ಕೆ ಸಾಲಾಗಿ ಬೆಳೆಯುವುದು ವ್ಯರ್ಥ ಶ್ರಮ. ನಾಲ್ಕು ಸಾಲು, ಸಾಲಿಗೆ ನಾಲ್ಕು ಗಿಡ, ಹೀಗೆ ಚೌಕವಾಗಿ 16 ಗಿಡಗಳಾದರೂ ಒತ್ತಟ್ಟಿಗಿರಬೇಕು. ಅಷ್ಟು ಸ್ಥಳವಿಲ್ಲದವರು ಮೆಂತ್ಯ, ದಂಟು ಬೆಳೆದುಕೊಳ್ಳುವುದೇ ಮೇಲು. ಹಟವಿದ್ದವರು ಬೆಳಗಿನ ಹೊತ್ತು ಸೂಲಂಗಿಯನ್ನು ಕಾಗದದ ಮೇಲೆ ಕೊಡವಿ, ಆ ಹಳದಿ ಹುಡಿಯನ್ನು ಕೂದಲಿನ ಮೇಲೆ ನಾಲ್ಕೈದು ದಿನ ಉದುರಿಸಬಹುದು, ಫಲವುಂಟು, ಸಂಭ್ರಮವಿಲ್ಲ.

ಚೌಕಕ್ಕೆ ತಕ್ಕ ಜಾಗವೆಂದರೆ ವಸತಿ ಸಂಕೀರ್ಣದ ತಾರಸಿ ಅಥವಾ ಹಿತ್ತಲಿನ ಸಾರ್ವಜನಿಕ ನೆಲ. ನೆಲವೇ ಲೇಸು. 20 ಲೀಟರಿನ ಚೀಲದ ಒದ್ದೆ ಮಣ್ಣು ಸುಮಾರು 30 ಕಿಲೋ ತೂಗುತ್ತದೆ. ಹದಿನಾರು ಚೀಲವೆಂದರೆ ಅರ್ಧ ಟನ್ನಿನ ಹತ್ತಿರ. ಹಳೆಯ ಕಟ್ಟಡದ ತಾರಸಿಗೆ ಈ ಭಾರ ಹೊರಿಸುವ ಮುನ್ನ ತಿಳಿದವರನ್ನು ಕೇಳಬೇಕು. ಅಲ್ಲದೆ ಕೆಳಮನೆಯವರ ಸೂರು ಸೋರಿದರೆ ಜೋಳದ ಸಿಹಿಯನ್ನು ಯಾರೂ ನೆನೆಯಲಾರರು!

ಕಾಲವೂ ಊರಿನಂತೆ ಬೇರೆ. ಮುಂಬಯಿಯ ಜಡಿಮಳೆಯಲ್ಲಿ ಪರಾಗ ತೊಯ್ದುಹೋಗುವುದರಿಂದ ಮಳೆ ನಿಂತ ಮೇಲಿನ ಬಿತ್ತನೆ ಹಿತ. ದೆಹಲಿಯಲ್ಲಿ ಫೆಬ್ರವರಿಯ ಬಿತ್ತನೆ ತಡವಾದರೆ ಹೂ ಬಿಡುವ ವೇಳೆಗೆ ಬಿಸಿಲಿನ ಝಳಕ್ಕೆ ಪರಾಗ ಸಾಯುತ್ತದೆ. ಚೆನ್ನೈಯವರು ಈಶಾನ್ಯ ಮಳೆ ಮುಗಿಯುವುದನ್ನು ಕಾಯಬೇಕು. ಎಲ್ಲಿಯೇ ಆಗಲಿ, ಗೊಬ್ಬರಕ್ಕೂ ನೀರಿಗೂ ಈ ಗಿಡ ಹೊಟ್ಟೆಬಾಕ. 2018ರಲ್ಲಿ ಶಿವಮೊಗ್ಗದಲ್ಲಿ ಭಾರತದಲ್ಲೇ ಮೊದಲು ಗುರುತಿಸಲಾದ ಫಾಲ್ ಸೈನಿಕ ಹುಳು ಇಂದು ನಗರದ ಗಿಡವನ್ನೂ ಬಿಡದು. ದಿನವೂ ಸುಳಿಯನ್ನು ಇಣುಕಿ ನೋಡಿ ಹುಳುವನ್ನು ಕೈಯಿಂದಲೇ ಆರಿಸುವುದು ಮನೆತೋಟಕ್ಕೆ ಸಾಕಾದ ಉಪಾಯ.

ಆರೋಗ್ಯದ ದೃಷ್ಟಿಯಿಂದ ಒಂದು ಭ್ರಮೆಯನ್ನು ಬಿಡಬೇಕಾಗಿದೆ. ಸಿಹಿಜೋಳ ತರಕಾರಿಯಲ್ಲ, ಧಾನ್ಯ. ನಾರು, ಪೊಟ್ಯಾಸಿಯಂ, ಕಣ್ಣಿಗೆ ಹಿತವಾದ ಹಳದಿ ವರ್ಣದ್ರವ್ಯಗಳು ಅದರಲ್ಲಿವೆ, ನಿಜ. ಆದರೆ 100 ಗ್ರಾಂ ಕಾಳಿನಲ್ಲಿ ಸುಮಾರು 19 ಗ್ರಾಂ ಶರ್ಕರಪಿಷ್ಟವಿದೆ; ಇದು ಸಾಧಾರಣ ಗಾತ್ರದ ಒಂದು ಚಪಾತಿಗೆ ಸಮ. ಮಧುಮೇಹಿಗಳು ಪಲ್ಯವೆಂದು ಭಾವಿಸಿ ಚಪಾತಿಯ ಜೊತೆಗೆ ಬಡಿಸಿಕೊಳ್ಳುವುದು ಲೆಕ್ಕದ ತಪ್ಪು. ಒಂದು ಚಪಾತಿಯನ್ನು ಬಿಟ್ಟು ತಿನ್ನುವುದು ಸರಿಯಾದ ಲೆಕ್ಕ.

ಪೇಟೆಯಲ್ಲಿ ವರ್ಷವಿಡೀ ಸಿಗುವಾಗ ಇಷ್ಟು ತೊಂದರೆ ಏತಕ್ಕೆ ಎನ್ನುವವರಿಗೆ ಉತ್ತರ ತೆನೆಯಲ್ಲಿಯೇ ಇದೆ. ಹಳೆಯ ಸಿಹಿ ತಳಿಗಳಲ್ಲಿ ಕಿತ್ತ ಗಳಿಗೆಯಿಂದಲೇ ಸಕ್ಕರೆ ಪಿಷ್ಟವಾಗತೊಡಗುತ್ತದೆ. 30 ಡಿಗ್ರಿ ಸೆಲ್ಸಿಯಸ್ ಸೆಕೆಯಲ್ಲಿ ಒಂದೇ ದಿನಕ್ಕೆ ಅರ್ಧದಷ್ಟು ಸಿಹಿ ಕಳೆದುಹೋಗಬಹುದು. ಈಗಿನ ಅತಿಸಿಹಿ ತಳಿಗಳು ಹೆಚ್ಚು ದಿನ ತಾಳುತ್ತವೆಂಬುದನ್ನು ಒಪ್ಪಬೇಕು; ಆದರೂ ಆಗತಾನೆ ಕಿತ್ತ ತೆನೆಯ ರಸ ಅವಕ್ಕೂ ಉಳಿಯದು. ಕೂದಲು ಮೂಡಿ ಮೂರು ವಾರವಾಗುವಾಗ ಅದು ಕಂದಾಗಿ ಒಣಗುತ್ತದೆ. ಕಾಳನ್ನು ಉಗುರಿನಿಂದ ಚುಚ್ಚಿದರೆ ಹಾಲು ಚಿಮ್ಮುತ್ತದೆ. ಒಲೆಯ ಮೇಲೆ ನೀರಿಟ್ಟು ಅನಂತರ ತೆನೆ ಕೀಳಲು ಹೋಗುವುದು ಉತ್ತಮ. ಐದು ನಿಮಿಷ ಬೆಂದರೆ ಸಾಕು. ಒಂದೇ ದಿನ ಬಿತ್ತಿದ ಹದಿನಾರು ಗಿಡಗಳ ತೆನೆಗಳು ಹೆಚ್ಚು ಕಡಿಮೆ ಒಂದೇ ವಾರದಲ್ಲಿ ಹದಕ್ಕೆ ಬರುವುದರಿಂದ ಅಷ್ಟನ್ನೂ ಒಂದು ಮನೆ ತಿಂದು ಮುಗಿಸಲಾರದು. ಎದುರು ಮನೆಯ ಬಾಗಿಲು ತಟ್ಟಲೇಬೇಕಾಗುತ್ತದೆ.