ಪಂಪಿನ ಮೋಟರಿಗೆ ಪರೀಕ್ಷೆಯ ಅವಶ್ಯಕತೆ

ಎತ್ತನ್ನು ಕೊಳ್ಳುವಾಗ ಹಲ್ಲೆಣಿಸಿ, ಸುಳಿ ನೋಡಿ, ನೊಗಕ್ಕೆ ಹೂಡಿ ನಡೆಸಿದ ಹೊರತು ಹಣ ಕೊಡದ ನಮ್ಮ ಜಮೀನುದಾರರು, ಸುಟ್ಟ ಪಂಪಿನ ಮೋಟರಿಗೆ ಹೊಸ ತಂತಿ ಸುತ್ತಿಸಿ ತರುವಾಗ ಮಾತ್ರ ಏನನ್ನೂ ವಿಚಾರಿಸದೆ ಗಾಡಿಗೆ ಹೇರಿಕೊಂಡು ಬರುತ್ತಾರೆ. ಇದು ಯುಕ್ತವಲ್ಲವೆಂದು ನನ್ನ ಅಭಿಪ್ರಾಯ.

ಹುಬ್ಬಳ್ಳಿಯ ಗೋಕುಲ ರಸ್ತೆಯ ಕಿರ್ಲೋಸ್ಕರ ಎಲೆಕ್ಟ್ರಿಕ್ ಕಾರಖಾನೆಯನ್ನು ಈ ಭಾಗದವರೆಲ್ಲರೂ ಬಲ್ಲರು. 1946ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕಂಪನಿಯಿದು. ಅದೇ ಮನೆತನದ ಲಕ್ಷ್ಮಣರಾವ ಕಿರ್ಲೋಸ್ಕರರು ಹಿಂದೆ ಕಬ್ಬಿಣದ ನೇಗಿಲನ್ನು ತಯಾರಿಸಿದಾಗ, ಕಬ್ಬಿಣ ತಗಲಿದರೆ ಭೂಮಿ ಕೆಡುವುದೆಂದು ರೈತರು ಕೊಳ್ಳಲು ಬಹಳ ಹಿಂಜರಿದರು. ಅಂದು ಸಂಶಯ ಅತಿಯಾಯಿತು. ಇಂದು ನಂಬಿಕೆ ಅತಿಯಾಗಿದೆ! ಮೋಟರಿನ ಕಾರಖಾನೆಗಳಲ್ಲಿ ಜೋಡಣೆ ಮುಗಿದ ಪ್ರತಿಯೊಂದನ್ನೂ ಪರೀಕ್ಷಿಸಿಯೇ ಹೊರಬಿಡುವ ಪದ್ಧತಿಯಿದೆ. ತಂತಿ ಸುತ್ತಿಸಿದ ಮೋಟರೂ ಹೊಸದಾಗಿ ಜೋಡಿಸಿದ ಮೋಟರೇ. ಅದಕ್ಕೂ ಅದೇ ನಿಯಮ ಸಲ್ಲತಕ್ಕದ್ದು.

ಪರೀಕ್ಷೆಗಳಲ್ಲಿ ಮುಖ್ಯವಾದುದು ಮೆಗ್ಗರಿನದು. ತಂತಿಗೂ ಮೋಟರಿನ ಕಬ್ಬಿಣದ ಮೈಗೂ ನಡುವೆ 500 ವೋಲ್ಟಿನ ಒತ್ತಡವಿತ್ತು, ತಂತಿಯ ಹೊದಿಕೆಯ ತಡೆಯನ್ನು ಅಳೆಯುವ ಸಾಧನವಿದು. ತಡೆಯು 1 ಮೆಗಓಮಿಗಿಂತ ಕಡಿಮೆಯಿದ್ದರೆ ಆ ಮೋಟರಿಗೆ ವಿದ್ಯುತ್ತನ್ನು ಕೊಡಕೂಡದು. ವಾರ್ನಿಷು ಹಚ್ಚಿದ ಮೇಲೆ ಚೆನ್ನಾಗಿ ಕಾಯಿಸಿ ಒಣಗಿಸದಿದ್ದರೆ, ಮಳೆಗಾಲದಲ್ಲಂತೂ, ತೇವವು ಒಳಗೇ ಉಳಿಯುವುದು. ವಿದ್ಯುತ್ತು ಮೈಗೆ ಸೋರಿದರೆ, ಬಾವಿಯ ಹಸಿನೆಲದಲ್ಲಿ ಬರಿಗಾಲಲ್ಲಿ ನಿಂತು ಅದನ್ನು ಮುಟ್ಟುವ ಆಳಿನ ಪ್ರಾಣವೇ ಹೋಗಬಹುದು. ನಷ್ಟವು ಹಣದ್ದೊಂದೇ ಎಂದು ಎಣಿಸಬಾರದು.

ತರುವಾಯ, ಪಂಪಿಗೆ ಕೂಡಿಸದೆ ಮೋಟರನ್ನು ಬರಿದೇ ಓಡಿಸಿ ಮೂರೂ ಫೇಜುಗಳ ಆಂಪಿಯರನ್ನು ನೋಡಬೇಕು. (ಕೊಳವೆಬಾವಿಯೊಳಗೆ ಇಳಿಸುವ ಮೋಟರನ್ನು ನೀರಿಲ್ಲದೆ ಓಡಿಸಲಾಗದು.) 415 ವೋಲ್ಟಿನ 5 ಅಶ್ವಶಕ್ತಿಯ ಮೋಟರು ಪೂರ್ಣ ಭಾರದಲ್ಲಿ ಸುಮಾರು 7.5 ಆಂಪಿಯರು ಎಳೆಯುವುದು. ಬರಿದೇ ಓಡುವಾಗಲೇ ಅದರ ಸಮೀಪಕ್ಕೆ ಹೋದರೆ ಸುತ್ತುಗಳನ್ನು ಕಡಿಮೆ ಹಾಕಿರುವರೆಂದು ಶಂಕಿಸಬೇಕು. ತಿರುಗುವ ದಿಕ್ಕು ತಪ್ಪಿದ್ದರೆ ಯಾವುದಾದರೂ ಎರಡು ಫೇಜುಗಳ ತಂತಿಗಳನ್ನು ಅದಲುಬದಲು ಮಾಡಿದರಾಯಿತು.

ಮೆಣಸಿನ ಪೈರು ಬಾಡುತ್ತಿರುವಾಗ ಇದಕ್ಕೆಲ್ಲ ವೇಳೆಯೆಲ್ಲಿ ಎಂದು ಕೇಳುವವರುಂಟು. ಪರೀಕ್ಷೆಗೆ ಅರ್ಧ ಗಂಟೆ ಸಾಕು. ಪುನಃ ಸುತ್ತಿಸಲು ದಿನಗಳೇ ಬೇಕು. ರಿಲೇಯು ಪದೇ ಪದೇ ಪಂಪನ್ನು ನಿಲ್ಲಿಸುವುದೆಂದು ಸ್ಟಾರ್ಟರಿಗೆ ಕಡ್ಡಿ ಸಿಕ್ಕಿಸುವ ಜಾಣರಿಗಾದರೋ ಯಾವ ಪರೀಕ್ಷೆಯೂ ಉಪಯೋಗಕ್ಕೆ ಬಾರದು. ಒಂದು ಫೇಜು ಹೋದಾಗ ಉಳಿದೆರಡರಲ್ಲಿ ಪ್ರವಾಹವು ಸುಮಾರು 1.7 ಪಟ್ಟಾಗಿ ತಂತಿಯನ್ನು ಸುಡುವುದು.

ಮೆಗ್ಗರನ್ನು ಪ್ರತಿಯೊಬ್ಬರೂ ಕೊಳ್ಳಬೇಕೆಂದು ನಾನು ಹೇಳುವುದಿಲ್ಲ. 1905ರಲ್ಲಿ ಕಣಗಿನಹಾಳದ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘವನ್ನು ಕಟ್ಟಿದ ಸೀಮೆಯಿದು. ಊರ ಸಂಘವೇ ಒಂದು ಮೆಗ್ಗರನ್ನೂ ಒಂದು ಆಂಪಿಯರು ಮಾಪಕವನ್ನೂ ಇರಿಸಿ, ಪರವಾನಗಿಯುಳ್ಳ ವಾಯರಮನ್ನನ ಕೈಯಿಂದ ಅಳೆಯಿಸಬಹುದು. ಊರ ಹಿರಿಯರು ಮನಸ್ಸು ಮಾಡಿದರೆ ಇದು ಒಂದು ಸಭೆಯ ಕೆಲಸ. ಅಳತೆಯ ಅಂಕೆಗಳನ್ನು ಸುತ್ತಿದವನ ರಸೀತಿಯ ಮೇಲೆಯೇ ಬರೆಯಿಸಿಡಬೇಕು. ಮುಂದೆ ಮೋಟರು ಸುಟ್ಟಾಗ ದೋಷವು ಸುತ್ತಿನದೋ ಸ್ಟಾರ್ಟರಿನದೋ ಎಂಬ ವಾದಕ್ಕೆ ಆ ಕಾಗದವು ಆಧಾರವಾಗುವುದು.