ಪರದೇಶದ ಸರಕು ಮತ್ತು ಸುಂಕದ ಲೆಕ್ಕ

ಸುಂಕವನ್ನು ತಪ್ಪಿಸಿಕೊಳ್ಳಬೇಕೆಂದು ವರ್ತಕನೊಬ್ಬನು ರಾಜಮಾರ್ಗವನ್ನು ಬಿಟ್ಟು ಅಡ್ಡದಾರಿಯನ್ನು ಹಿಡಿದನಂತೆ. ಇರುಳೆಲ್ಲ ಕತ್ತಲೆಯಲ್ಲಿ ಅಲೆದು ಅಲೆದು ಬೆಳಗಾಗುವ ಹೊತ್ತಿಗೆ ನೋಡಿದರೆ, ಅದೇ ಸುಂಕದ ಕಟ್ಟೆಯ ಬಾಗಿಲಲ್ಲಿ ನಿಂತಿದ್ದನಂತೆ. ನಮ್ಮ ಶಾಸ್ತ್ರಕಾರರು ಇದಕ್ಕೆ ಘಟ್ಟಕುಟೀಪ್ರಭಾತ ನ್ಯಾಯವೆಂದು ಹೆಸರಿಟ್ಟರು. ಮನೆಯಲ್ಲಿ ಕುಳಿತೇ ಪರದೇಶದ ಅಂಗಡಿಯಿಂದ ಸರಕನ್ನು ತರಿಸಿಕೊಳ್ಳುವ ಅನುಕೂಲವು ಒದಗಿರುವ ಈ ಕಾಲದಲ್ಲಿ ನಮ್ಮ ಪಟ್ಟಣವಾಸಿಗಳಲ್ಲಿ ಎಷ್ಟೋ ಮಂದಿಯ ಅನುಭವವು ಈ ವರ್ತಕನ ಅನುಭವಕ್ಕಿಂತ ಭಿನ್ನವಾಗಿಲ್ಲ. ಅಗ್ಗವೆಂದು ತರಿಸಿದ ಪದಾರ್ಥವು ಬಾಗಿಲಿಗೆ ಬರುವಾಗ ಬೆಲೆಯ ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚಿನ ಚೀಟಿಯನ್ನು ಹೊತ್ತು ಬರುತ್ತದೆ. ಆಗ ಗೊಣಗಿ ಫಲವೇನು? ಸುಂಕದವನ ಮುಂದೆ ಸುಖದುಃಖವನ್ನು ಹೇಳಿಕೊಂಡಂತೆಯೇ ಸರಿ.

ಈ ವಿಷಯದಲ್ಲಿ ಹಣವನ್ನು ಉಳಿಸುವ ಕಾಲವು ಸರಕು ಬಂದ ಮೇಲಿನದಲ್ಲ, ಬೇಡಿಕೆಯನ್ನು ಕಳುಹಿಸುವುದಕ್ಕೆ ಮುಂಚಿನದು. ಆದ್ದರಿಂದ ಸುಂಕವನ್ನು ಎಣಿಸುವ ಕ್ರಮವನ್ನು ಪ್ರತಿಯೊಬ್ಬ ಗ್ರಾಹಕನೂ ಅರಿತಿರಬೇಕು. ಅಂಗಡಿಯವನು ಬರೆದ ಬೆಲೆಯ ಮೇಲೆ ಮಾತ್ರ ಸುಂಕವು ಬೀಳುತ್ತದೆಂಬುದು ತಪ್ಪು ತಿಳಿವಳಿಕೆ. 1962ರ ಕಸ್ಟಮ್ಸ್ ಶಾಸನ ಮತ್ತು 2007ರ ಮೌಲ್ಯನಿರ್ಣಯದ ನಿಯಮಗಳ ಪ್ರಕಾರ, ಸರಕಿಗೆ ನಿಜವಾಗಿ ಕೊಟ್ಟ ಬೆಲೆಗೆ ಸಾಗಣೆಯ ವೆಚ್ಚವನ್ನೂ ವಿಮೆಯನ್ನೂ ಕೂಡಿಸಿ ಬಂದ ಮೊತ್ತವೇ ಸುಂಕಕ್ಕೆ ಆಧಾರ. ಅದರ ಮೇಲೆ ಮೂಲ ಸುಂಕ. ಆ ಸುಂಕದ ಮೇಲೆ, ಅನ್ವಯಿಸುವಲ್ಲಿ, 2018ರಿಂದ ಜಾರಿಯಲ್ಲಿರುವ ಶೇಕಡಾ 10ರ ಸಮಾಜಕಲ್ಯಾಣ ಮೇಲ್ತೆರಿಗೆ. ಇವೆಲ್ಲವನ್ನೂ ಕೂಡಿಸಿದ ಮೊತ್ತದ ಮೇಲೆ 2017ರ ಜುಲೈಯಲ್ಲಿ ಬಂದ ಸರಕು ಮತ್ತು ಸೇವಾ ತೆರಿಗೆ. ಹೀಗೆ ತೆರಿಗೆಯ ಮೇಲೆಯೂ ತೆರಿಗೆ ಏರುತ್ತದೆ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ದರಗಳು ವಸ್ತುವಿನಿಂದ ವಸ್ತುವಿಗೆ, ಆಯವ್ಯಯದಿಂದ ಆಯವ್ಯಯಕ್ಕೆ ಬದಲಾಗುವುದರಿಂದ, ಲೆಕ್ಕದ ಸೌಲಭ್ಯಕ್ಕಾಗಿ ಮೂಲ ಸುಂಕವು ಶೇಕಡಾ 10, ಸರಕು ತೆರಿಗೆಯು ಶೇಕಡಾ 18 ಎಂದು ಇಟ್ಟುಕೊಳ್ಳೋಣ. ಪದಾರ್ಥದ ಬೆಲೆ 10,000 ರೂಪಾಯಿ, ಸಾಗಣೆ ಮತ್ತು ವಿಮೆ 2,000, ಒಟ್ಟು 12,000. ಮೂಲ ಸುಂಕ 1,200, ಮೇಲ್ತೆರಿಗೆ 120. ಈಗ 13,320 ಆಯಿತು. ಇದರ ಮೇಲೆ ಶೇಕಡಾ 18ರಂತೆ ಸುಮಾರು 2,398. ಸರಕಾರಕ್ಕೆ ಸಲ್ಲುವುದು 3,718 ರೂಪಾಯಿ. ಮನೆಗೆ ಬಂದ ಸರಕಿನ ಅಸಲು 15,718. ಹತ್ತು ಸಾವಿರದ ಪದಾರ್ಥವೆಂದು ಹಿಗ್ಗಿದವನು ಒಂದೂವರೆ ಪಟ್ಟಿಗೂ ಮೀರಿ ತೆತ್ತಂತಾಯಿತು. ಇದಲ್ಲದೆ ಪರದೇಶದ ನಾಣ್ಯದಲ್ಲಿ ಹಣ ಸಲ್ಲಿಸಿದ್ದಕ್ಕೆ ಹಲವು ಬ್ಯಾಂಕುಗಳ ಕಾರ್ಡುಗಳು ಶೇಕಡಾ 2ರಿಂದ 3.5ರವರೆಗೆ ಕೂಲಿಯನ್ನು ಹಿಡಿಯುತ್ತವೆ; ಆ ಕೂಲಿಯ ಮೇಲೆಯೂ ತೆರಿಗೆಯಿದೆ. ಸುಂಕವನ್ನು ತಾವು ಕಟ್ಟಿ ಸರಕನ್ನು ಬಿಡಿಸಿ ತರುವ ಕೊರಿಯರ್ ಸಂಸ್ಥೆಗಳ ಶುಲ್ಕವು ಬೇರೆ.

ಈ ಲೆಕ್ಕದೊಳಗೇ ಉಳಿತಾಯದ ನ್ಯಾಯವಾದ ದಾರಿಗಳೂ ಅಡಗಿವೆ. ಸಾಗಣೆಯ ಮೇಲೆಯೂ ಸುಂಕ ಬೀಳುವುದರಿಂದ, ಮೇಲಿನ ಉದಾಹರಣೆಯಲ್ಲಿ ಸಾಗಣೆಯಲ್ಲಿ 100 ರೂಪಾಯಿಯನ್ನು ಉಳಿಸಿದವನು ನಿಜದಲ್ಲಿ 131 ರೂಪಾಯಿಯನ್ನು ಉಳಿಸುತ್ತಾನೆ. ಆದ್ದರಿಂದ ಮೂರು ಸಲ ಬಿಡಿಬಿಡಿಯಾಗಿ ತರಿಸುವುದಕ್ಕಿಂತ ಒಂದೇ ಕಟ್ಟಿನಲ್ಲಿ ತರಿಸುವುದು ಲೇಸು. ಸಾಗಣೆಯ ವೆಚ್ಚವನ್ನು ಬೆಲೆಪಟ್ಟಿಯಲ್ಲಿ ಪ್ರತ್ಯೇಕವಾಗಿ ಬರೆಯಿಸಿಕೊಳ್ಳಬೇಕು. ವೆಚ್ಚವು ಇಷ್ಟೆಂದು ತಿಳಿಯದಿದ್ದಲ್ಲಿ ಅಧಿಕಾರಿಗಳು ಸರಕಿನ ಬೆಲೆಯ ಶೇಕಡಾ 20ನ್ನು ಸಾಗಣೆಯೆಂದು ಎಣಿಸಲು ನಿಯಮವು ಹೇಳುತ್ತದೆ. ವಿಮಾನದಲ್ಲಿ ಬಂದ ಸರಕಿಗಾದರೋ ನಿಜವಾದ ವೆಚ್ಚವು ಎಷ್ಟೇ ಆಗಿದ್ದರೂ ಆ ಶೇಕಡಾ 20ಕ್ಕಿಂತ ಹೆಚ್ಚನ್ನು ಕೂಡಿಸುವಂತಿಲ್ಲ. ಅಂಗಡಿಯವನು ಬೆಲೆಯಲ್ಲಿ ಸೋಡಿ ಬಿಟ್ಟಿದ್ದರೆ ಅದೂ ಪಟ್ಟಿಯಲ್ಲಿ ಕಾಣಿಸಬೇಕು. ಕೊಡದ ಹಣಕ್ಕೆ ಸುಂಕ ಕೊಡುವುದೇಕೆ?

ಒಪ್ಪಂದಗಳ ವಿಷಯದಲ್ಲಿಯೂ ಎಚ್ಚರವಿರಬೇಕು. ಅರಬ್ ಸಂಯುಕ್ತ ಸಂಸ್ಥಾನದೊಡನೆ 2022ರ ಮೇ ತಿಂಗಳಿನಿಂದಲೂ, ಆಸ್ಟ್ರೇಲಿಯದೊಡನೆ ಅದೇ ವರ್ಷದ ಡಿಸೆಂಬರಿನಿಂದಲೂ ವ್ಯಾಪಾರದ ಒಪ್ಪಂದಗಳು ನಡೆದು ಬಂದಿವೆ. ಆದರೆ ಸುಂಕದ ರಿಯಾಯಿತಿಯು ಸರಕು ಹುಟ್ಟಿದ ದೇಶವನ್ನು ನೋಡುತ್ತದೆಯೇ ಹೊರತು ಮಾರಿದ ಅಂಗಡಿಯಿರುವ ದೇಶವನ್ನಲ್ಲ. ಚೀನದಲ್ಲಿ ತಯಾರಾದ ಗಡಿಯಾರವನ್ನು ದುಬೈಯಲ್ಲಿ ಕೊಂಡ ಮಾತ್ರಕ್ಕೆ ಅದು ದುಬೈಯ ಸರಕಾಗುವುದಿಲ್ಲ.

ಸ್ವತಃ ಪ್ರವಾಸದಿಂದ ಮರಳುವವರ ಮಾತು ಬೇರೆ. 2016ರ ನಿಯಮಗಳಲ್ಲಿ 50,000 ರೂಪಾಯಿಯಿದ್ದ ಸುಂಕವಿಲ್ಲದ ಸಾಮಾನಿನ ಮಿತಿಯನ್ನು 2026ರ ಫೆಬ್ರವರಿಯಲ್ಲಿ 75,000ಕ್ಕೆ ಏರಿಸಲಾಯಿತು. ಹದಿನೆಂಟು ವರ್ಷ ತುಂಬಿದ ಪ್ರಯಾಣಿಕನು ಇದರ ಹೊರತಾಗಿ ಒಂದು ಲ್ಯಾಪ್‌ಟಾಪನ್ನೂ ತರಬಹುದು. ಆದರೆ ಗಂಡಹೆಂಡಿರ ಮಿತಿಗಳನ್ನು ಕೂಡಿಸಿ ಒಂದೇ ಬೆಲೆಬಾಳುವ ವಸ್ತುವಿಗೆ ಹಚ್ಚಲು ಬರುವುದಿಲ್ಲ.

ಇನ್ನು ಅಡ್ಡದಾರಿಗಳ ಮಾತು. "ಉಡುಗೊರೆ ಎಂದು ಬರೆಯಿಸಿದರೆ ಸಾಕು" ಎಂಬ ಉಪದೇಶವು ಈಗಲೂ ಕಿವಿಯಿಂದ ಕಿವಿಗೆ ಸಾಗುತ್ತಿದೆ. ಅಂಚೆಯಲ್ಲಿ ಬರುವ ಉಡುಗೊರೆಗಳಿಗೆ ಹಿಂದೆ ಇದ್ದ ವಿನಾಯಿತಿಯು ವ್ಯಾಪಾರದ ಸರಕಿಗೆ ಮುಸುಕಾಗುತ್ತಿತ್ತೆಂದು 2019ರ ಡಿಸೆಂಬರಿನಲ್ಲಿ ಅದನ್ನು ರದ್ದುಮಾಡಲಾಯಿತು. ಜೀವರಕ್ಷಕ ಔಷಧಿಗೂ ಸೋದರಿಯು ಕಳುಹಿಸುವ ರಾಖಿಗೂ ಮಾತ್ರ ಹೊರತು ಇಟ್ಟರು. ರಾಖಿಯೊಡನೆ ಬರುವ ಕಾಣಿಕೆಗೆ ಅದೂ ಇಲ್ಲ. ಬೆಲೆಯನ್ನು ಕಡಮೆ ಬರೆಯಿಸುವುದು ಇದಕ್ಕಿಂತ ಕೆಟ್ಟದ್ದು. ಸುಳ್ಳು ಹೇಳಿಕೆಯ ಸರಕನ್ನು ಮುಟ್ಟುಗೋಲು ಹಾಕಿಕೊಳ್ಳಲೂ ದಂಡ ವಿಧಿಸಲೂ ಶಾಸನದಲ್ಲಿ ಅಧಿಕಾರವಿದೆ. ಸುಳ್ಳು ಬೆಲೆಯ ಕಟ್ಟು ದಾರಿಯಲ್ಲಿ ಕಳೆದುಹೋದರೆ ವಿಮೆಯಿಂದಲೂ ಆ ಸುಳ್ಳು ಬೆಲೆಯಷ್ಟನ್ನೇ ಕೇಳಬೇಕಾದೀತು. ಅಡ್ಡದಾರಿಯು ಬೆಳಗಾಗುವುದರೊಳಗೆ ಕಟ್ಟೆಯ ಮುಂದೆಯೇ ತಂದು ನಿಲ್ಲಿಸುತ್ತದೆ.

ಪ್ರಪಂಚದ ಗಾಳಿಯೂ ಇದೇ ದಿಕ್ಕಿಗೆ ಬೀಸುತ್ತಿದೆ. ಯೂರೋಪಿನ ಒಕ್ಕೂಟವು 22 ಯೂರೋಗಳವರೆಗಿನ ಸಣ್ಣ ಕಟ್ಟುಗಳಿಗಿದ್ದ ತೆರಿಗೆಯ ವಿನಾಯಿತಿಯನ್ನು 2021ರ ಜುಲೈಯಲ್ಲಿ ತೆಗೆದುಹಾಕಿತು. ಅಮೆರಿಕವು 800 ಡಾಲರುಗಳವರೆಗೆ ಸುಂಕವಿಲ್ಲದೆ ಬಿಡುತ್ತಿದ್ದ ಪದ್ಧತಿಯನ್ನು 2025ರ ಆಗಸ್ಟ್ 29ರಂದು ಎಲ್ಲ ದೇಶಗಳ ಸರಕಿಗೂ ನಿಲ್ಲಿಸಿತು. ಆ ಗೊಂದಲದಲ್ಲಿ ನಮ್ಮ ಅಂಚೆ ಇಲಾಖೆಯು ಆ ದೇಶಕ್ಕೆ ಕಟ್ಟುಗಳನ್ನು ಸ್ವೀಕರಿಸುವುದನ್ನೇ ಕೆಲವು ವಾರ ನಿಲ್ಲಿಸಬೇಕಾಯಿತು. ಅಲ್ಲಿರುವ ಮಕ್ಕಳಿಗೆ ಚಟ್ನಿಪುಡಿಯನ್ನು ಕಳುಹಿಸಹೊರಟ ನಮ್ಮ ಊರುಗಳ ತಾಯಿತಂದೆಗಳಿಗೂ ಆ ಬಿಸಿಯು ತಟ್ಟಿತು.

ಹಾಗಾದರೆ ಸುಂಕವೇ ಅನ್ಯಾಯವೆನ್ನೋಣವೇ? ಹಾಗೆನ್ನುವವರು ಇತಿಹಾಸವನ್ನು ಮರೆಯಬಾರದು. 1896ರಲ್ಲಿ ಲ್ಯಾಂಕಾಶೈರಿನ ಗಿರಣಿಗಾರರ ಒತ್ತಾಯಕ್ಕೆ ಮಣಿದ ಅಂದಿನ ಸರಕಾರವು ಪರದೇಶದ ಬಟ್ಟೆಯ ಸುಂಕವನ್ನು ಶೇಕಡಾ 3.5ಕ್ಕೆ ಇಳಿಸಿ, ಅಷ್ಟೇ ಕರವನ್ನು ನಮ್ಮ ಗಿರಣಿಗಳ ಬಟ್ಟೆಯ ಮೇಲೆಯೂ ಹೇರಿತು. ಆ ಕರವು ನಿಂತದ್ದು 1925ರ ಕೊನೆಯಲ್ಲಿ. ಅಂದು ಸುಂಕದ ಕಟ್ಟೆಯು ಅನ್ಯರದಾಗಿತ್ತು. ಇಂದು ಅದು ನಮ್ಮದು. ನಮ್ಮ ಕುಶಲಕರ್ಮಿಯ ಅನ್ನಕ್ಕೆ ಅದು ಒಂದು ಬೇಲಿ. ಅದನ್ನು ವಂಚಿಸುವವನು ತನ್ನ ಬೊಕ್ಕಸವನ್ನೇ ವಂಚಿಸಿಕೊಳ್ಳುತ್ತಾನೆ.

ಆದರೆ ಕಟ್ಟೆಯು ನಮ್ಮದೆಂದ ಮೇಲೆ ಅದು ಜನರಿಗೆ ಅರ್ಥವಾಗುವಂತೆಯೂ ಇರಬೇಕಷ್ಟೆ. ದೊಡ್ಡ ವರ್ತಕನಿಗೆ ದಳ್ಳಾಳಿಗಳೂ ವಕೀಲರೂ ಇದ್ದಾರೆ. ಆಮದಿನ ಮೇಲೆ ಕೊಟ್ಟ ಸರಕು ತೆರಿಗೆಯನ್ನು ಅವನು ಮುಂದಿನ ಲೆಕ್ಕದಲ್ಲಿ ವಜಾ ಮಾಡಿಕೊಳ್ಳುತ್ತಾನೆ. ಒಂದು ಪುಸ್ತಕವನ್ನೋ ಕಿವಿಗೆ ಹಾಕುವ ಯಂತ್ರವನ್ನೋ ತರಿಸುವ ಉಪಾಧ್ಯಾಯನಿಗೆ ಇದಾವುದೂ ಇಲ್ಲ. ಹೆಚ್ಚು ಸುಂಕ ಕೊಟ್ಟವನು ಒಂದು ವರ್ಷದೊಳಗೆ ಅದನ್ನು ಮರಳಿ ಬೇಡಬಹುದೆಂದೂ, ಅಧಿಕಾರಿಯ ಆಜ್ಞೆಯ ಮೇಲೆ ಅರುವತ್ತು ದಿನಗಳೊಳಗೆ ಅಪೀಲು ಮಾಡಬಹುದೆಂದೂ ಶಾಸನವು ಹೇಳುತ್ತದೆ. ಆದರೆ ಚೀಟಿಯಲ್ಲಿ ಯಾವ ದರವನ್ನು ಯಾವ ಮೊತ್ತಕ್ಕೆ ಹಚ್ಚಿದರೆಂದೇ ತಿಳಿಯದವನು ಬೇಡುವುದು ಹೇಗೆ?

ಆದಕಾರಣ ಸರಕಾರವು ಮೂರು ಕೆಲಸಗಳನ್ನು ಮಾಡಬೇಕೆಂದು ನಾವು ಒತ್ತಿ ಹೇಳುತ್ತೇವೆ. ಸಾಮಾನ್ಯ ಗೃಹಸ್ಥರು ತರಿಸುವ ಸರಕುಗಳ ದರಗಳನ್ನು ಸರಳವಾದ ಕನ್ನಡದ ಪಟ್ಟಿಯಲ್ಲಿ ಪ್ರತಿಯೊಂದು ಮುಖ್ಯ ಅಂಚೆ ಕಚೇರಿಯಲ್ಲಿಯೂ ತೂಗಹಾಕಬೇಕು. ಬಟವಾಡೆಯ ಚೀಟಿಯಲ್ಲಿ ಮೌಲ್ಯ, ಸುಂಕ, ತೆರಿಗೆ, ಸಂಸ್ಥೆಯ ಶುಲ್ಕಗಳನ್ನು ಬೇರೆ ಬೇರೆಯಾಗಿ ಕಾಣಿಸುವಂತೆ ಕಟ್ಟುಮಾಡಬೇಕು. ಸರಕನ್ನು ಬಿಡಿಸಿಕೊಡುವ ಶುಲ್ಕವು ಎಷ್ಟೆಂಬುದನ್ನು ಗ್ರಾಹಕನಿಗೆ ಮೊದಲೇ ತಿಳಿಸಬೇಕು.

ಅಲ್ಲಿಯವರೆಗೆ ವಾಚಕರು ಬೇಡಿಕೆಯನ್ನು ಕಳುಹಿಸುವ ಮುನ್ನ ಒಂದು ಕಾಗದದ ಮೇಲೆ ಅಸಲು, ಸಾಗಣೆ, ಸುಂಕ, ತೆರಿಗೆ, ಬ್ಯಾಂಕಿನ ಕೂಲಿಗಳನ್ನು ಕೂಡಿಸಿ, ಬಂದ ಮೊತ್ತವನ್ನು ತಮ್ಮೂರಿನ ಅಂಗಡಿಯ ಬೆಲೆಯೊಡನೆ ಹೋಲಿಸಿ ನೋಡಲಿ. ಎಷ್ಟೋ ಸಲ ಅಗ್ಗದ ಸರಕು ಪಕ್ಕದ ಬೀದಿಯಲ್ಲಿಯೇ ಸಿಕ್ಕೀತು.