‘ಬರೀ ಟೆಕ್ನಿಷಿಯನ್’ ಎಂದು ನಕ್ಕವರಿಗೆ



ಈಚೆಗೆ ನೆಂಟರೊಬ್ಬರ ಮನೆಯ ಗೃಹಪ್ರವೇಶದಲ್ಲಿ ಊಟಕ್ಕೆ ಕುಳಿತಿದ್ದಾಗ ಕಿವಿಗೆ ಬಿದ್ದ ಮಾತಿದು: “ಡಿಪ್ಲೊಮಾ ಓದಿದ ಹುಡುಗ, ಯಾವುದೋ ಬೆಟ್ಟದ ಮೇಲೆ ಸೂರ್ಯನ ಫೋಟೋ ತೆಗೆಯೋಕೆ ಹೋಗ್ತಾನಂತೆ. ವಿಜ್ಞಾನಿಯೂ ಅಲ್ಲ, ಬರೀ ಟೆಕ್ನಿಷಿಯನ್ನು!” ಪಂಕ್ತಿಯೆಲ್ಲ ನಕ್ಕಿತು. ಸೌರ ವೀಕ್ಷಣಾಲಯದ ಕೆಲಸಕ್ಕೆ ಅರ್ಜಿ ಹಾಕಬೇಕೆಂದಿದ್ದ ಆ ಹುಡುಗ ತಲೆ ತಗ್ಗಿಸಿದ. ನಾನು ಪಾಯಸದ ನೆಪದಲ್ಲಿ ಬಾಯಿ ತೆರೆಯಲಿಲ್ಲ. ಆ ಮೌನಕ್ಕೆ ಪ್ರಾಯಶ್ಚಿತ್ತ ಈ ಬರಹ.

ನಕ್ಕವರು ಕೊಡೈಕೆನಾಲಿಗೆ ಪ್ರವಾಸ ಹೋಗಿ ಬಂದವರೇ. ಅಲ್ಲಿ, ಸಮುದ್ರಮಟ್ಟದಿಂದ ಸುಮಾರು 2,340 ಮೀಟರ್ ಎತ್ತರದಲ್ಲಿ, 1899ರಲ್ಲಿ ಸ್ಥಾಪಿತವಾದ ಸೌರ ವೀಕ್ಷಣಾಲಯವಿದೆ. ಅದನ್ನು ನಡೆಸುತ್ತಿರುವುದು ನಮ್ಮ ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತವಿಜ್ಞಾನ ಸಂಸ್ಥೆ. ಸೂರ್ಯಕಲೆಗಳಲ್ಲಿ ಅನಿಲವು ಹೊರಮುಖವಾಗಿ ಹರಿಯುತ್ತದೆಂಬುದನ್ನು 1909ರಲ್ಲಿ ಜಾನ್ ಎವರ್ಶೆಡ್ ಅಲ್ಲಿಯೇ ಕಂಡುಹಿಡಿದರು. ಆ ವಿದ್ಯಮಾನಕ್ಕೆ ಅವರ ಹೆಸರೇ ನಿಂತಿತು, ನ್ಯಾಯವಾದುದೇ. ಆದರೆ ಆ ಬೆಟ್ಟದ ನಿಜವಾದ ಆಸ್ತಿ ಒಂದು ದಿನದ ಶೋಧವಲ್ಲ. 1904ರಿಂದ ಮೊದಲ್ಗೊಂಡು ತಲೆಮಾರುಗಳುದ್ದಕ್ಕೂ ತೆಗೆದಿಟ್ಟ ಸೂರ್ಯನ ಚಿತ್ರಗಳ ಸಾಲು.

ಆ ಚಿತ್ರಗಳು ತಾವಾಗಿಯೇ ಮೂಡಿದವೇ? ಬಿಸಿಲೇರಿ ನೆಲ ಕಾದು ಗಾಳಿ ಕದಡುವ ಮೊದಲೇ ಒಬ್ಬಾತ ಸಿದ್ಧನಾಗಿರಬೇಕು. ಸೂರ್ಯನ ಚಲನೆಗೆ ಅನುಗುಣವಾಗಿ ತಿರುಗುವ ಕನ್ನಡಿಯನ್ನು ಸರಿಹೊಂದಿಸಬೇಕು. ಕ್ಯಾಲ್ಸಿಯಂ ಬೆಳಕಿನ ಚಿತ್ರವಾದರೆ, ಕಿರುಸೀಳಿನ ಮೇಲೆ ಸೂರ್ಯಬಿಂಬವನ್ನು ನಿಧಾನವಾಗಿ ಸರಿಸುತ್ತ ಗೆರೆಗೆರೆಯಾಗಿ ಪೂರ್ಣಬಿಂಬವನ್ನು ಮೂಡಿಸಬೇಕು. ಆ ಕಾಲದಲ್ಲಿ ಗಾಜಿನ ಫಲಕವನ್ನು ಕತ್ತಲಕೋಣೆಗೆ ಒಯ್ದು ತೊಳೆದು ಒಣಗಿಸಿ, ದಿನಾಂಕ, ವೇಳೆ, ದಿಕ್ಕುಗಳನ್ನು ಗುರುತಿಸಬೇಕಿತ್ತು. ದಿಕ್ಕಿನ ಗುರುತು ತಪ್ಪಿದರೆ ಉತ್ತರಾರ್ಧದ ಕಲೆ ದಕ್ಷಿಣಾರ್ಧಕ್ಕೆ ಬೀಳುತ್ತದೆ. ನೂರು ವರ್ಷಗಳ ಬಳಿಕ ಆ ಫಲಕವನ್ನು ಕಂಪ್ಯೂಟರಿಗೆ ಏರಿಸಿದವರೂ ದಾರಿ ತಪ್ಪುತ್ತಾರೆ. ಮಳೆಗಾಲದಲ್ಲಿ ಮೋಡ ಸರಿಯುವ ಒಂದು ಗಳಿಗೆಗಾಗಿ ಕಾದು ಕುಳಿತಿರಬೇಕು.

ಸೂರ್ಯಕಲೆಗಳ ಏರಿಳಿತದ ಒಂದು ಆವರ್ತಕ್ಕೆ ಸುಮಾರು 11 ವರ್ಷ ಬೇಕು. ಮೂವತ್ತು ವರ್ಷ ದುಡಿದವನೂ ಮೂರು ಆವರ್ತಗಳನ್ನು ಪೂರ್ತಿಯಾಗಿ ಕಾಣಲಾರ. ಆವರ್ತದಿಂದ ಆವರ್ತಕ್ಕೆ ಸೂರ್ಯ ಹೇಗೆ ಬದಲಾದನೆಂಬುದನ್ನು ಯಾವ ಮಹಾಮೇಧಾವಿಯೂ ಒಬ್ಬನೇ ನೋಡಿ ತಿಳಿಯಲಾಗದು. ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ದಾಟಿದ ನಿಷ್ಠೆಯೇ ಇಲ್ಲಿ ವಿಜ್ಞಾನ. ಹನಿಗೂಡಿದರೆ ಹಳ್ಳ ಎಂದು ಮಕ್ಕಳಿಗೆ ಗಾದೆ ಹೇಳಿಕೊಡುವ ನಾವು, ಹನಿಯನ್ನು ಕಂಡು ನಗುತ್ತೇವೆ.

“ಈಗ ಉಪಗ್ರಹಗಳಿವೆಯಲ್ಲ” ಎನ್ನುವವರುಂಟು. ಇವೆ, 2023ರ ಸೆಪ್ಟೆಂಬರ್ 2ರಂದು ಆದಿತ್ಯ-ಎಲ್1 ಹಾರಿದಾಗ ನಾನೂ ಚಪ್ಪಾಳೆ ತಟ್ಟಿದವನು. ಆದರೆ ಅದರ ಪ್ರಧಾನ ಉಪಕರಣವಾದ ಕರೋನಾಗ್ರಾಫ್ ಹೊಸಕೋಟೆಯಲ್ಲಿ ಸಿದ್ಧವಾದದ್ದು ಮನುಷ್ಯರ ಕೈಗಳಿಂದಲೇ. ಮೇಲಾಗಿ, ಯಾವ ಉಪಗ್ರಹವೂ 1920ರ ಸೂರ್ಯನ ಚಿತ್ರವನ್ನು ಇನ್ನು ತೆಗೆಯಲಾರದು. ಅಂದು ತೆಗೆದಿಟ್ಟರೆ ಉಂಟು, ಇಲ್ಲವಾದರೆ ಎಂದೆಂದಿಗೂ ಇಲ್ಲ.

“ಹೇಳಿದಷ್ಟು ಮಾಡುವವನಿಗೆ ಬುದ್ಧಿಯೇಕೆ?” ಎನ್ನುವವರಿಗೆ ಅಮೆರಿಕದ ಒಂದು ನಿದರ್ಶನ ಕೊಡುತ್ತೇನೆ. ಸೌರ ವೀಕ್ಷಣಾಲಯವಾಗಿ ಹುಟ್ಟಿದ ಮೌಂಟ್ ವಿಲ್ಸನ್ನಿಗೆ ಹೇಸರಗತ್ತೆಗಳ ಮೇಲೆ ಸಾಮಾನು ಸಾಗಿಸುತ್ತಿದ್ದ ಮಿಲ್ಟನ್ ಹ್ಯೂಮಸನ್, ಪ್ರೌಢಶಾಲೆಯನ್ನೂ ಮುಗಿಸಿದವರಲ್ಲ. ಅಲ್ಲಿಯೇ ಜವಾನರಾಗಿ, ರಾತ್ರಿ ಸಹಾಯಕರಾಗಿ, ಕಡೆಗೆ ಹಬಲ್‌ರ ಜೊತೆಗೂಡಿ ಗ್ಯಾಲಕ್ಸಿಗಳ ವೇಗವನ್ನಳೆದ ಖಗೋಳಜ್ಞರಾದರು. ಆದರೂ ಈ ಕತೆಯನ್ನು ಹೇಳಿ ಅಲ್ಲಿಗೇ ನಿಲ್ಲಿಸಿದರೆ ತಪ್ಪಾಗುತ್ತದೆ. ವಿಜ್ಞಾನಿಯಾಗಿ ಬಡ್ತಿ ಪಡೆದ ಮೇಲೆಯೇ ಸಹಾಯಕನಿಗೆ ಮರ್ಯಾದೆಯೇ? ಹ್ಯೂಮಸನ್ ಕೊನೆಯವರೆಗೂ ಸಹಾಯಕರಾಗಿಯೇ ಉಳಿದಿದ್ದರೂ ಅವರು ತೆಗೆದ ಫಲಕಗಳು ಸುಳ್ಳಾಗುತ್ತಿದ್ದವೇ?

ಈ ಅವಜ್ಞೆಯನ್ನು ಬಿತ್ತಿದವರಲ್ಲಿ ನಾನೂ ಒಬ್ಬ. ಸೂರ್ಯನ ಪಾಠ ಮಾಡುವಾಗ ನಾನು ಗೆಲಿಲಿಯೋ ಹೆಸರನ್ನು ಹಲಗೆಯ ಮೇಲೆ ಬರೆದೆ. ದಿನವೂ ಫಲಕ ತೊಳೆದವರೊಬ್ಬರಿದ್ದಾರೆಂದು ಒಮ್ಮೆಯೂ ಹೇಳಲಿಲ್ಲ. ನಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನುಗಳನ್ನು ಅಣಿಗೊಳಿಸುತ್ತಿದ್ದ ಅಟೆಂಡರನ್ನು ನಿಮ್ಮೆದುರೇ ಏಕವಚನದಲ್ಲಿ ಕೂಗುತ್ತಿದ್ದೆ. ನೀವು ಕಲಿತದ್ದು ನನ್ನ ಪಾಠವನ್ನಲ್ಲ, ಆ ಏಕವಚನವನ್ನು. ನಿಮ್ಮಲ್ಲಿ ಈಗ ಮೇಷ್ಟ್ರಾಗಿರುವವರು, ಪ್ರಬಂಧ ಬರೆಯುವವರು ಇದನ್ನಾದರೂ ತಿದ್ದಿರಿ: ಅಳತೆ ತೆಗೆದವರ ಹೆಸರನ್ನು ಬರೆಯಿರಿ. ‘ಸಿಬ್ಬಂದಿಗೆ ಧನ್ಯವಾದ’ ಎಂಬ ಒಂದೇ ಸಾಲಿನಲ್ಲಿ ಋಣ ತೀರುವುದಿಲ್ಲ.

ಅಂದು ಪಂಕ್ತಿಯಲ್ಲಿ ತಲೆ ತಗ್ಗಿಸಿದ ಮಗುವೇ, ಅರ್ಜಿ ಹಾಕು. ಬೆಟ್ಟದ ಮೇಲೆ ಚಳಿಯಿರುತ್ತದೆ, ಹಬ್ಬಗಳು ತಪ್ಪುತ್ತವೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ನೀನು ಸರಿಯಾದ ವೇಳೆ ಬರೆದಿಟ್ಟ ಒಂದು ಚಿತ್ರ, ನಕ್ಕವರೆಲ್ಲರ ಮಾತನ್ನು ಲೋಕ ಮರೆತ ಮೇಲೂ ಯಾರದೋ ಕೆಲಸಕ್ಕೆ ಬರುತ್ತದೆ. ಅಂದು ಬಾಯಿ ತೆರೆಯದಿದ್ದುದಕ್ಕೆ ನನ್ನನ್ನು ಕ್ಷಮಿಸು.

ಇತಿ ನಿಮ್ಮ ಮೇಷ್ಟ್ರು